ಗಾಳಿಯ ಬೆಲೆ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ನುಮಾಯಿಷ್‌ನ ಪರಿಚಯ ಹೇಳಬೇಕಾಗಿಲ್ಲ. 1938ರಲ್ಲಿ ಆರಂಭವಾಗಿ, ಇಂದಿಗೂ ಜನವರಿ ಬಂತೆಂದರೆ ನಾಂಪಲ್ಲಿಯ ಮೈದಾನದಲ್ಲಿ ತೆರೆದುಕೊಳ್ಳುವ ಆ ವಸ್ತುಪ್ರದರ್ಶನದಲ್ಲಿ ಬಲೂನು ಹೊಡೆಯುವ ಅಂಗಡಿಯೂ ಇರುತ್ತದೆ. ನನ್ನ ಮಗಳು ಮೊದಲ ಸಲ ಬಂದೂಕು ಹಿಡಿದದ್ದು ಅಲ್ಲಿಯೇ. ಆ ಅಂಗಡಿಗಳ ಬಂದೂಕಿನ ನಳಿಗೆ ನೆಟ್ಟಗಿರುವುದಿಲ್ಲವೆಂಬುದು ಜಗತ್ತಿಗೇ ತಿಳಿದ ಗುಟ್ಟು. ಆದರೂ ಆಕೆ ಹತ್ತರಲ್ಲಿ ಎಂಟು ಬಲೂನು ಒಡೆದಳು. ಈಗ ಒಂಬತ್ತನೆಯ ತರಗತಿ. ಎರಡು ವರ್ಷಗಳಿಂದ ವಾರಾಂತ್ಯಗಳಲ್ಲಿ ಕ್ಲಬ್ಬಿನ ರೈಫಲಿನಲ್ಲಿ ಅಭ್ಯಾಸ ನಡೆದಿದೆ. ಕಳೆದ ಬೇಸಿಗೆಯ ಒಂದು ರಾತ್ರಿ ಊಟದ ನಡುವೆ ಅವಳೆಂದಳು: “ಅಪ್ಪಾ, ಕ್ಲಬ್ಬಿನ ರೈಫಲ್ ನನ್ನ ಭುಜಕ್ಕೆ ಹೊಂದುವುದಿಲ್ಲ. ಸ್ವಂತದ್ದೊಂದು ಬೇಕು. ಪಿಸಿಪಿ.”

ಪಿಸಿಪಿ ಎಂದರೆ, ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಪೆಲೆಟ್ ಹಾರಿಸುವ ಬಂದೂಕು. ಟ್ರಿಗರ್ ಎಳೆದಾಗ ಒಳಗಿನ ಹ್ಯಾಮರ್ ವಾಲ್ವನ್ನು ಕ್ಷಣಕಾಲ ಬಡಿದು ತೆರೆಯುತ್ತದೆ. ಅಳತೆಯಷ್ಟೇ ಗಾಳಿ ಹೊರನುಗ್ಗಿ ಪೆಲೆಟ್ಟನ್ನು ತಳ್ಳುತ್ತದೆ. ಇಷ್ಟನ್ನೂ ನಾನು ಅಂದು ಅರಿತಿರಲಿಲ್ಲ. ಇಂಗ್ಲಿಷ್ ಎಂ.ಎ. ಓದಿದವನಿಗೆ ಗಾಳಿಬಂದೂಕು ಎಂದೊಡನೆ ನೆನಪಾದದ್ದು ಕಾನನ್ ಡಾಯ್ಲ್‌ನ ಕರ್ನಲ್ ಮೊರಾನ್. 1903ರಲ್ಲಿ ಪ್ರಕಟವಾದ ‘ದಿ ಎಂಪ್ಟಿ ಹೌಸ್’ ಕಥೆಯಲ್ಲಿ ಅವನು ಲಂಡನ್ನಿನ ಖಾಲಿ ಮನೆಯೊಂದರಲ್ಲಿ ಅಡಗಿ, ಕುರುಡ ಜರ್ಮನ್ ಕುಶಲಕರ್ಮಿಯೊಬ್ಬ ಮಾಡಿಕೊಟ್ಟ ಗಾಳಿಬಂದೂಕಿನಿಂದ ಷರ್ಲಾಕ್ ಹೋಮ್ಸನ ಮೇಣದ ಪ್ರತಿಮೆಗೆ ಗುಂಡಿಡುತ್ತಾನೆ. ಈ ಮೊರಾನ್ ಹಿಂದೆ ಸೇವೆಯಲ್ಲಿದ್ದ ದಳದ ಹೆಸರು ‘ಬೆಂಗಳೂರು ಪಯೊನಿಯರ್ಸ್’ ಎಂದು ಡಾಯ್ಲ್ ಬರೆದಿದ್ದಾನೆ. ನಮ್ಮ ಊರಿನ ಹೆಸರು ಕಂಡು ಕಾಲೇಜಿನ ದಿನಗಳಲ್ಲಿ ಹಿಗ್ಗಿದ್ದುಂಟು. ಆದರೆ ಆ ಬಂದೂಕಿಗೆ ಗಾಳಿ ತುಂಬುವ ಕಷ್ಟದ ಬಗ್ಗೆ ಕಥೆಗಾರ ತಲೆ ಕೆಡಿಸಿಕೊಂಡಿಲ್ಲ. ಇತಿಹಾಸದಲ್ಲಿ ಕಷ್ಟವಿದ್ದದ್ದೆಲ್ಲ ಅಲ್ಲಿಯೇ.

ಗಾಳಿಯ ಒತ್ತಡವನ್ನು ದುಡಿಸಿಕೊಳ್ಳುವ ವಿದ್ಯೆ ನಮ್ಮ ಅಡುಗೆಮನೆಯ ಊದುಗೊಳವೆಯಷ್ಟು, ಕಮ್ಮಾರನ ತಿದಿಯಷ್ಟು ಹಳೆಯದು. ಯುರೋಪಿನಲ್ಲಿ ಹಿಂದೆ ಬಂದೂಕಿನ ಹಿಡಿಯೊಳಗೆ ಪುಟ್ಟ ತಿದಿಯನ್ನೇ ಅಡಗಿಸಿದ ಬಂದೂಕುಗಳಿದ್ದವು. ಗಾಳಿಯನ್ನು ಮೊದಲೇ ತುಂಬಿಟ್ಟುಕೊಂಡು ರಣರಂಗಕ್ಕೆ ಒಯ್ಯುವ ಸಾಹಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಆಸ್ಟ್ರಿಯಾದ ಸೈನ್ಯ. ಟಿರೋಲ್ ಸೀಮೆಯ ಬಾರ್ತೊಲೊಮಿಯೊ ಗಿರಾರ್ಡೋನಿ 1780ರ ಸುಮಾರಿಗೆ ರೂಪಿಸಿದ ಈ ರೈಫಲಿನಲ್ಲಿ ಹಿಂಬದಿಯ ಹಿಡಿಯೇ ಗಾಳಿಯ ಕಬ್ಬಿಣದ ಕೊಡ. ನಳಿಗೆಯ ಪಕ್ಕದ ಕೊಳವೆಯಲ್ಲಿ ಇಪ್ಪತ್ತು ಚಿಲ್ಲರೆ ಗುಂಡುಗಳು. ಮದ್ದಿನ ಬಂದೂಕಿನವನು ಎದ್ದು ನಿಂತು, ಮದ್ದು ಸುರಿದು, ಕೋಲಿನಿಂದ ಜಡಿದು ಒಂದು ಗುಂಡು ಹಾರಿಸುವಷ್ಟರಲ್ಲಿ ಇವನು ಮಲಗಿದಲ್ಲಿಂದಲೇ ಹಲವು ಗುಂಡು ಹಾರಿಸಬಹುದಿತ್ತು. ಹೊಗೆಯಿಲ್ಲ, ಸದ್ದು ಕಡಿಮೆ, ಮಳೆಯಲ್ಲಿ ಮದ್ದು ನೆನೆಯುವ ಭಯವಿಲ್ಲ. ಹಾಗಿದ್ದೂ 1815ರ ವೇಳೆಗೆ ಅದು ಸೇವೆಯಿಂದ ಮರೆಯಾಯಿತು.

ಏಕೆ? ಬಂದೂಕಿನಲ್ಲಿ ದೋಷವಿರಲಿಲ್ಲ, ಸೋತದ್ದು ಗಾಳಿಯ ಸರಬರಾಜು. ಒಂದು ಕೊಡವನ್ನು ಸುಮಾರು 800 ಪಿಎಸ್‌ಐ ಒತ್ತಡಕ್ಕೆ ತುಂಬಲು ಕೈಪಂಪನ್ನು ಸುಮಾರು 1500 ಸಲ ಒತ್ತಬೇಕಾಗಿತ್ತು. ಚಿಕ್ಕ ಬಿರುಕೊಂದು ಬಿಟ್ಟರೆ ಸಾಕು, ಬಂದೂಕು ಬರಿಯ ಕೊಳವೆ. ಅಂಥ ಕೊಡಗಳನ್ನು ಸೋರದಂತೆ ಬೆಸೆಯುವುದು ಅಂದಿನ ಕಾರ್ಖಾನೆಗಳಿಗೆ ಸುಲಭವಾಗಿರಲಿಲ್ಲ. ಅವು ಸದಾ ಕೊರತೆಯಲ್ಲೇ ಇದ್ದವು. ಸೈನಿಕನಿಗೂ ವಿಶೇಷ ತರಬೇತಿ ಬೇಕಿತ್ತು. ಮುಂದೆ ಗಾಡಿಯ ಮೇಲೆ ದೊಡ್ಡ ಪಂಪು ಹೊತ್ತು ತಂದರು. ಮದ್ದಿನ ಚೀಲ ಬೇಡವೆಂದು ಆರಂಭಿಸಿದ ವ್ಯವಸ್ಥೆಗೆ ಪಂಪಿನ ಗಾಡಿ ಬೇಕಾಯಿತು! ಕಚೇರಿಯ ಕಡತಗಳಲ್ಲಿ ಯಂತ್ರದ ಖರೀದಿಗೆ ಮಂಜೂರಾತಿ ಸಿಕ್ಕು, ನಿರ್ವಹಣೆಗೆ ಸಿಗದೆ, ಯಂತ್ರ ಮೂಲೆ ಸೇರುವುದನ್ನು ಕಂಡ ನನಗೆ ಗಿರಾರ್ಡೋನಿಯ ಕಥೆ ತೀರಾ ಅಪರಿಚಿತವೆನಿಸಲಿಲ್ಲ.

ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕಹೊರಟ ಮೆರಿವೆದರ್ ಲೂಯಿಸ್ 1803ರಲ್ಲಿ ಒಂದು ಗಾಳಿಬಂದೂಕನ್ನು ಜೊತೆಗೊಯ್ದಿದ್ದ. ಪ್ರಯಾಣದ ಆರಂಭದಲ್ಲಿಯೇ ಅದನ್ನು ಪ್ರದರ್ಶಿಸುವಾಗ ಬೇರೊಬ್ಬನ ಕೈಯಲ್ಲಿ ಅಚಾನಕ್ ಗುಂಡು ಹಾರಿ, ನಲವತ್ತು ಗಜ ದೂರದಲ್ಲಿದ್ದ ಹೆಂಗಸಿನ ಕಪಾಲವನ್ನು ಸವರಿಹೋಯಿತು. ಆಕೆ ಬದುಕಿದಳು. ಗಾಳಿಬಂದೂಕು ಆಟಿಕೆಯೆಂದು ಹೇಳುವ ನೆಂಟರಿಗೆ ನಾನು ಈ ಪ್ರಸಂಗವನ್ನು ಹೇಳುತ್ತೇನೆ.

ಇಪ್ಪತ್ತನೆಯ ಶತಮಾನದ ಬಹುಭಾಗ ಸ್ಪ್ರಿಂಗಿನದು. ಸನ್ನೆ ಎಳೆದರೆ ಸ್ಪ್ರಿಂಗ್ ಮಡಚಿಕೊಳ್ಳುತ್ತದೆ, ಬಿಟ್ಟಾಗ ಪಿಸ್ಟನ್ ಮುನ್ನುಗ್ಗಿ ಆ ಹೊಡೆತಕ್ಕೆ ಬೇಕಾದ ಗಾಳಿಯನ್ನು ಆ ಕ್ಷಣದಲ್ಲಿಯೇ ಒತ್ತುತ್ತದೆ. ಗಾಳಿಯನ್ನು ಕೂಡಿಡುವ ಗೋಜಿಲ್ಲ. ನಮ್ಮಲ್ಲಿ ಸಿಮೆಂಟಿನ ಕೊಳವೆಗಳಿಗೆ ಹೆಸರಾದ ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯೇ ಒಂದು ಕಾಲಕ್ಕೆ ಇಂಥ ಬಂದೂಕುಗಳನ್ನು ಮಾಡುತ್ತಿತ್ತು. ಅಗ್ಗ, ಗಟ್ಟಿ. ಆದರೆ ಪೆಲೆಟ್ ನಳಿಗೆ ಬಿಡುವ ಮೊದಲೇ ಪಿಸ್ಟನ್ನಿನ ಹೊಡೆತಕ್ಕೆ ಬಂದೂಕು ಅದುರುತ್ತದೆ. ಹತ್ತು ಮೀಟರ್ ಸ್ಪರ್ಧೆಯ ಗುರಿಹಲಗೆಯಲ್ಲಿ ‘ಹತ್ತು’ ಎಂಬುದು ಅರ್ಧ ಮಿಲಿಮೀಟರ್ ಅಗಲದ ಚುಕ್ಕೆ. ಅಲ್ಲಿ ಈ ಅದುರು ಸಲ್ಲದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಏರ್ ರೈಫಲ್ ಸೇರ್ಪಡೆಯಾದ ಮೇಲೆ ಜರ್ಮನಿಯ ತಯಾರಕರು ಒಂದೇ ಒತ್ತಿಗೆ ಗಾಳಿ ತುಂಬುವ ಸನ್ನೆ, ಇಂಗಾಲದ ಡೈಆಕ್ಸೈಡಿನ ಸಿಲಿಂಡರ್ ಎಂದು ಹಲವು ದಾರಿ ತುಳಿದರು. ಡೈಆಕ್ಸೈಡಿನ ಒತ್ತಡ ಹವೆಯೊಡನೆ ಏರಿಳಿಯುತ್ತದೆ. 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ನಮ್ಮ ಉಪ್ಪಲ್‌ನ ಮೇ ತಿಂಗಳನ್ನು ನೆನೆದರೆ ಸಾಕು. ಕಡೆಗೆ 1990ರ ದಶಕದ ಕೊನೆಯ ಹೊತ್ತಿಗೆ ಸ್ಪರ್ಧೆಯ ರೈಫಲುಗಳು ಗಿರಾರ್ಡೋನಿಯ ಮೂಲ ಉಪಾಯಕ್ಕೇ ಮರಳಿದವು: ತುಂಬಿಟ್ಟ ಗಾಳಿ. ಈಗ ಒತ್ತಡ 200 ಬಾರ್; ಅದನ್ನು ತಗ್ಗಿಸಿ ಪ್ರತಿ ಹೊಡೆತಕ್ಕೂ ಸಮನಾಗಿ ಹಂಚಲು ನಡುವೆ ಒಂದು ರೆಗ್ಯುಲೇಟರ್.

ಈ ಊರಿಗೂ ಆ ರೈಫಲಿಗೂ ನಂಟಿದೆ. ಗಗನ್ ನಾರಂಗ್ 1997ರಲ್ಲಿ ತಂದೆ ಕೊಡಿಸಿದ ಏರ್ ಪಿಸ್ತೂಲಿನಿಂದ ಬೇಗಂಪೇಟೆಯ ಮನೆಯಂಗಳದಲ್ಲಿ ಅಭ್ಯಾಸ ಆರಂಭಿಸಿ, 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಹತ್ತು ಮೀಟರ್ ಏರ್ ರೈಫಲಿನ ಕಂಚು ಗೆದ್ದರು. ಅವರ ರೈಫಲಿಗಾಗಿ ಹೆತ್ತವರು ನಿವೇಶನವನ್ನೇ ಮಾರಿದ ಸಂಗತಿ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಗಳಿಸಿದವರು. ಮಗಳು ಇವರಿಬ್ಬರ ಚಿತ್ರಗಳನ್ನೂ ಬೀರುವಿನ ಬಾಗಿಲಿಗೆ ಅಂಟಿಸಿದ್ದಾಳೆ. ಪ್ರತಿ ಬೆಳಿಗ್ಗೆ ಷರಟು ತೆಗೆಯುವಾಗ ನನ್ನ ಕಣ್ಣಿಗೆ ಬೀಳುವುದು ಪದಕವಲ್ಲ, ಮಾರಿದ ನಿವೇಶನ.

ಮಾರಲು ನನಗೆ ನಿವೇಶನವಿಲ್ಲ. ನಾನು 2004ರ ನಂತರ ಸೇವೆಗೆ ಸೇರಿದವನಾದ್ದರಿಂದ ಮುಂಗಡ ತೆಗೆಯಲು ಜಿಪಿಎಫ್ ಕೂಡ ಇಲ್ಲ. ಬೀದರಿನ ಮನೆಯ ಮಾಳಿಗೆ ದುರಸ್ತಿಗೆಂದು ಇಟ್ಟಿದ್ದ ಒಂದು ಲಕ್ಷ ಇತ್ತು. ಅವ್ವ ಫೋನಿನಲ್ಲಿ, “ಈ ಮಳೆಗಾಲ ಹ್ಯಾಂಗೋ ದಾಟತದ, ಹುಡುಗಿಗೆ ಕೊಡಸು” ಎಂದಳು. ಜರ್ಮನಿಯ ಹೊಸ ಸ್ಪರ್ಧಾ ರೈಫಲಿಗೆ ಎರಡು ಲಕ್ಷಕ್ಕೂ ಮೇಲೆ ಬೇಕು. ಎರಡು ತಿಂಗಳ ಮೂಲವೇತನ ಮೀರಿದ ಚರಾಸ್ತಿಯೆಂದು ಕಚೇರಿಗೆ ತಿಳಿವಳಿಕೆ ಪತ್ರವನ್ನೂ ಕೊಡಬೇಕು. ಹಾಗಾಗಿ ಹಳೆಯದೊಂದನ್ನು ಹುಡುಕಿದೆವು. ಸಿಕಂದರಾಬಾದಿನಲ್ಲಿ ಒಬ್ಬರ ಬಳಿ ಒಳ್ಳೆಯ ಜರ್ಮನ್ ರೈಫಲ್ ಇತ್ತು; ಬೆಲೆ ತೊಂಬತ್ತು ಸಾವಿರ. ಮಗಳು ಕೆನ್ನೆಯಿಟ್ಟು ನೋಡಿದಳು, ಹೊಂದಿತು. ಅವಳ ಮುಖ ಅರಳಿದ್ದು ಕಂಡು ನಾನು ಹಣ ಎಣಿಸುವುದರಲ್ಲಿದ್ದೆ. ಅಷ್ಟರಲ್ಲಿ ಸಿಲಿಂಡರಿನ ಮೇಲೆ ಕೆತ್ತಿದ್ದ ತಾರೀಖು ಕಣ್ಣಿಗೆ ಬಿತ್ತು. ಅಲ್ಯೂಮಿನಿಯಂ ಸಿಲಿಂಡರುಗಳಿಗೆ ತಯಾರಕರು ಕೊಡುವ ಆಯಸ್ಸು ಹತ್ತು ವರ್ಷ, ಉಕ್ಕಿನವಕ್ಕೆ ಇಪ್ಪತ್ತು. ಇದು ಅಲ್ಯೂಮಿನಿಯಂ, ಹನ್ನೆರಡು ವರ್ಷದ್ದು. “ಇನ್ನೂ ಗಾಳಿ ಹಿಡಿಯುತ್ತೆ ಸರ್, ಏನೂ ಆಗಲ್ಲ” ಎಂದರು ಮಾರುವವರು. ಹದಿನಾಲ್ಕರ ಹುಡುಗಿಯ ಮುಖದ ಪಕ್ಕದಲ್ಲಿ 200 ಬಾರ್ ಒತ್ತಡವನ್ನು ಹಿಡಿದಿರಬೇಕಾದ ಲೋಹ ಅದು. ಹಿಂದಿರುಗುವಾಗ ಉಪ್ಪಲ್ ರಿಂಗ್ ರೋಡ್ ತಲುಪುವವರೆಗೂ ಆಕೆ ನನ್ನೊಡನೆ ಮಾತಾಡಲಿಲ್ಲ.

ಆ ರಾತ್ರಿ ಹೊಳೆದದ್ದಿಷ್ಟು: ನಾವು ರೈಫಲನ್ನು ಆರಿಸುತ್ತಿದ್ದೆವು, ಆರಿಸಬೇಕಾಗಿದ್ದುದು ಗಾಳಿಯನ್ನು. ಆಸ್ಟ್ರಿಯಾದವರ ತಪ್ಪನ್ನೇ ನಾವೂ ಮಾಡಹೊರಟಿದ್ದೆವು. ಗಾಳಿ ಎಲ್ಲಿಂದ ಬರುತ್ತದೆ, ಯಾರು ತುಂಬುತ್ತಾರೆ, ಸೋರಿದರೆ ವಾಷರ್ ಎಲ್ಲಿ ಸಿಗುತ್ತದೆ ಎಂಬುದು ಮೊದಲು ತೀರ್ಮಾನವಾಗಬೇಕು. ರೇಂಜಿನಲ್ಲಿ ತುಂಬಿಸಿಕೊಳ್ಳಬಹುದು, ಆದರೆ ಉಪ್ಪಲ್‌ನಿಂದ ಗಚ್ಚಿಬೌಲಿ ಎಂದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಮನೆಯಲ್ಲಿ ಅಭ್ಯಾಸವೆಂದರೆ ಕೈಪಂಪು ಬೇಕು. ಸೈಕಲ್ ಪಂಪಿನಂತೆ ಕಂಡರೂ ಇದು ಗಾಳಿಯನ್ನು ಮೂರು ಹಂತಗಳಲ್ಲಿ ಒತ್ತುತ್ತದೆ. ಮಳೆಗಾಲದಲ್ಲಿ ಗಾಳಿಯೊಡನೆ ತೇವವನ್ನೂ ಒಳಗೆ ತಳ್ಳುತ್ತದೆ. ಪಂಪಿನ ನೀರು ಕಳೆಯುವ ಕಿಂಡಿಯನ್ನು ಮರೆತರೆ ಸಿಲಿಂಡರಿನೊಳಗೆ ಸವೆತ. ಇಲ್ಲಿನ ಕೈಗಾರಿಕಾ ಪ್ರದೇಶದ ಪರಿಚಿತರೊಬ್ಬರು ವೆಲ್ಡಿಂಗಿನ ಆಕ್ಸಿಜನ್ ತುಂಬಿಕೊಡಲು ಉತ್ಸಾಹದಿಂದ ಮುಂದೆ ಬಂದರು. ಒತ್ತಡದ ಆಕ್ಸಿಜನ್ ಗ್ರೀಸಿನ ಸಂಪರ್ಕಕ್ಕೆ ಬಂದರೆ ಸ್ಫೋಟಿಸುತ್ತದೆ. ಯಾರೇ ಹೇಳಲಿ, ಈ ಉಪಾಯಕ್ಕೆ ಹೋಗಬೇಡಿ. ತುಂಬಿದ ಸಿಲಿಂಡರನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡುವುದೂ ಸಲ್ಲ.

ಇನ್ನೊಂದು ಮರುಳು ಶಕ್ತಿಯದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ನಳಿಗೆ ಮತ್ತು 20 ಜೂಲ್ ಶಕ್ತಿಯ ಮಿತಿಯೊಳಗಿನ ಗಾಳಿಬಂದೂಕಿಗೆ ಪರವಾನಗಿ ಬೇಡ. ಅಂಗಡಿಯವರು ಆ ಮಿತಿಯ ಅಂಚಿನವರೆಗಿನ ಬಂದೂಕನ್ನೇ ಹೊಗಳುತ್ತಾರೆ. ಹತ್ತು ಮೀಟರಿನ ಕಾಗದಕ್ಕೆ ಏಳೆಂಟು ಜೂಲ್ ಸಾಕು; ಹೆಚ್ಚಿನದು ಗಾಳಿಯ ದುಂದು. ಹಕ್ಕಿಗಳ ಮೇಲೆ ಪ್ರಯೋಗಿಸುವ ಆಸೆಯಿದ್ದವರಿಗೆ 1972ರ ವನ್ಯಜೀವಿ ಕಾಯ್ದೆ ಇದೆ.

ಕೊನೆಗೆ ಕೊಂಡದ್ದು ಸ್ವದೇಶಿ ಪಿಸಿಪಿ. ಪ್ರೆಸಿಹೋಲ್‌ನ ಪಿಎಕ್ಸ್ 100ರಂಥವು ಈಗ ಇಲ್ಲಿಯೇ ತಯಾರಾಗುತ್ತವೆ. ಬಿಡಿಭಾಗಕ್ಕಾಗಿ ಹಡಗು ಕಾಯಬೇಕಿಲ್ಲ. ಕೆನ್ನೆಯ ಹಲಗೆ, ಭುಜದ ಪಟ್ಟಿ ಬೆಳೆಯುವ ಹುಡುಗಿಗೆ ತಕ್ಕಂತೆ ಸರಿಯುತ್ತವೆಯೇ ಎಂಬುದನ್ನು ಮಾತ್ರ ಬಹಳ ಹೊತ್ತು ಪರೀಕ್ಷಿಸಿದೆವು. ಉಳಿದ ಹಣ ಪಂಪಿಗೆ, ಪೆಲೆಟ್ಟಿಗೆ, ಹಳೆಯ ಜಾಕೆಟ್ಟಿಗೆ ಹೋಯಿತು. ಟ್ರಿಗರ್ ಜರ್ಮನಿಯದರಷ್ಟು ನಯವಿಲ್ಲವೆಂದು ಅವಳ ದೂರು ಇದೆ. ಅದು ನಿಜವೂ ಹೌದು. ಮಾಳಿಗೆಗೆ ಸದ್ಯ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದೇವೆ.

ಕಳೆದ ಭಾನುವಾರ ಮೊದಲ ಸಲ ಸಿಲಿಂಡರ್ ಇಳಿದಾಗ ಅವಳೇ ಪಂಪಿಗೆ ನಿಂತು ಎಣಿಸತೊಡಗಿದಳು. ಅರವತ್ತಕ್ಕೆ ಉಸಿರು ಕಟ್ಟಿತು. ಗಿರಾರ್ಡೋನಿಯ ಸೈನಿಕನ 1500ರ ಲೆಕ್ಕ ಹೇಳಿದೆ. “ಹಾಗಾದರೆ ಉಳಿದದ್ದು ನೀವೇ ಒತ್ತಿ” ಎಂದು ಪಂಪಿನ ಹಿಡಿಯನ್ನು ನನ್ನತ್ತ ದೂಡಿದಳು.