ಬೋಗುಣಿಯ ಮೇಲಿನ ಬರಹ

ದೇವಾಲಯದ ಶತಮಾನೋತ್ಸವದ ಸಂಚಿಕೆಯಲ್ಲಿ ಪಾನಪಾತ್ರೆಗಳ ಚರಿತ್ರೆಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಅರ್ಪಿಸಿದ ಪಾತ್ರೆಯ ಮೇಲೆ ದಾನಿಯ ಹೆಸರನ್ನು ಕೆತ್ತಿಸುವ ರೂಢಿ ನಮ್ಮಲ್ಲಿಯೂ ಉಂಟು. ಕೆತ್ತಿಸಿದವರು ಮಣ್ಣಾದ ಮೇಲೂ ಆ ಬರಹ ಅವರ ಮನಸ್ಸನ್ನು ಹೇಳುತ್ತಲೇ ಇರುತ್ತದೆ. ಪಂಚ್ ಎಂಬ ಪಾನೀಯಕ್ಕಾಗಿ ಪಾಶ್ಚಾತ್ಯರು ಮಾಡಿಸಿದ ದೊಡ್ಡ ಬೋಗುಣಿಗಳು ಇದಕ್ಕೆ ಒಳ್ಳೆಯ ನಿದರ್ಶನ.

ಈ ಪಾನೀಯದ ಮೂಲವು ನಮ್ಮ ಕರಾವಳಿಗೆ ದೂರದ್ದಲ್ಲ. 1632ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬನು ಬರೆದ ಪತ್ರದಲ್ಲಿ ಅದರ ಹೆಸರು ಮೊದಲು ದೊರೆಯುತ್ತದೆ. ಕಾರವಾರ, ಗೋವೆಗಳನ್ನು ಕಂಡಿದ್ದ ಕಂಪನಿಯ ವೈದ್ಯ ಜಾನ್ ಫ್ರೈಯರನು, 1698ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಐದು ಪದಾರ್ಥಗಳು ಕೂಡುವುದರಿಂದ ನಮ್ಮ ದೇಶದ 'ಪಂಚ'ವೇ ಪಂಚ್ ಆಯಿತೆಂದು ವಿವರಿಸಿದನು. ಸಾರಾಯಿ, ಸಕ್ಕರೆ, ನಿಂಬೆರಸ, ನೀರು, ಸಂಬಾರ ಇವೇ ಆ ಐದು. ಪೀಪಾಯಿಗಿದ್ದ 'ಪಂಚನ್' ಎಂಬ ಇಂಗ್ಲಿಷ್ ಹೆಸರೇ ಮೂಲವೆನ್ನುವ ವಿದ್ವಾಂಸರೂ ಇದ್ದಾರೆ. ನಮಗೆ ಮಾತ್ರ ಫ್ರೈಯರನ ಮಾತೇ ರುಚಿಸುತ್ತದೆ. ಗೋವೆಯಲ್ಲಿ ತೆಂಗಿನ ಕಳ್ಳಿನಿಂದ ಬಟ್ಟಿಯಿಳಿಸಿದ ಸಾರಾಯಿಗೆ ಇಂಗ್ಲೆಂಡಿನಲ್ಲಿ ಹೆಸರಿತ್ತು.

ಪಾನೀಯ ಹಡಗೇರಿ ಹೋಯಿತು. ಪಾತ್ರೆಗಳು ಅಲ್ಲಿ ಹುಟ್ಟಿದವು. ಅಕ್ಕಸಾಲಿಗನು ಬೆಳ್ಳಿಯ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ಬೋಗುಣಿಯಾಗಿ ಎಬ್ಬಿಸಬೇಕು. ಬಡಿದಷ್ಟೂ ಬೆಳ್ಳಿ ಗಡುಸಾಗುವುದರಿಂದ ಮತ್ತೆ ಮತ್ತೆ ಕಾಯಿಸಿ ಮೆದುಗೊಳಿಸಬೇಕು. 'ಮಾಂಟೀತ್' ಎಂಬ ಬಗೆಯ ಬೋಗುಣಿಗೆ ಅಂಚಿನಲ್ಲಿ ಕಚ್ಚುಗಳಿದ್ದವು. ಅವುಗಳಲ್ಲಿ ಲೋಟಗಳನ್ನು ತಲೆಕೆಳಗಾಗಿ ತೂಗಿಸಿ ತಣ್ಣೀರಿನಲ್ಲಿ ತಂಪುಮಾಡುತ್ತಿದ್ದರು. ಕೆಲವದರ ಅಂಚನ್ನು ಕಳಚಿದರೆ ಅದೇ ಪಂಚ್ ಬೋಗುಣಿಯಾಗುತ್ತಿತ್ತು. ಮೇಲಂಗಿಯ ಕೆಳಯಂಚನ್ನು ಹಾಗೆ ಕಚ್ಚುಕಚ್ಚಾಗಿ ಕತ್ತರಿಸಿಕೊಂಡಿದ್ದ ವಿಚಿತ್ರ ಸ್ಕಾಟ್‌ಲೆಂಡಿಗನೊಬ್ಬನಿಂದ ಆ ಹೆಸರು ಬಂತೆಂದು ಆಕ್ಸ್‌ಫರ್ಡಿನ ಆಂಥೊನಿ ವುಡ್ 1683ರಲ್ಲಿ ಬರೆದಿಟ್ಟಿದ್ದಾನೆ. ಅದೇ ಆಕ್ಸ್‌ಫರ್ಡಿನ ಜೀಸಸ್ ಕಾಲೇಜಿಗೆ 1732ರಲ್ಲಿ ದಾನವಾಗಿ ಬಂದ ಬೋಗುಣಿಯು 10 ಗ್ಯಾಲನ್ ಹಿಡಿಸುತ್ತದೆ. ವಿದ್ಯಾರ್ಥಿಗಳಿಗೆ ಅಷ್ಟು ಏತಕ್ಕೋ!

ಚೀನದ ಜಿಂಗ್‌ಡೆಜೆನ್ನಿನಲ್ಲಿ ಸುಟ್ಟ ಬಿಳಿಯ ಪಿಂಗಾಣಿ ಬೋಗುಣಿಗಳು ಕ್ಯಾಂಟನ್ ಬಂದರಿಗೆ ಬಂದು, ವಿದೇಶೀಯರು ಬಯಸಿದ ಚಿತ್ರಗಳನ್ನು ಹೊತ್ತು ಹಡಗೇರುತ್ತಿದ್ದವು. ಆ ಬಂದರಿನ ವಿದೇಶೀ ಮಳಿಗೆಗಳ ಸಾಲನ್ನೇ ಬಾವುಟಗಳ ಸಹಿತ ಬೋಗುಣಿಯ ಸುತ್ತಲೂ ಬರೆದುದುಂಟು. ಕೊಂಡವನ ವಂಶಲಾಂಛನ ಎಷ್ಟೋ ಪಾತ್ರೆಗಳ ಮೇಲಿದೆ. ಬರೆದ ಕೈಯ ಗುರುತು ಇಲ್ಲ.

ಬಾಸ್ಟನ್ನಿನ ಪಾಲ್ ರಿವಿಯರನು 1768ರಲ್ಲಿ ಮಾಡಿದ ಬೆಳ್ಳಿಯ ಬೋಗುಣಿಯ ಕಥೆ ಬೇರೆ. ತೆರಿಗೆಯನ್ನು ವಿರೋಧಿಸಿ ಬರೆದ ಪತ್ರವನ್ನು ಹಿಂದೆಗೆಯಬೇಕೆಂದು ರಾಜಾಜ್ಞೆಯಾದಾಗ ಮ್ಯಾಸಚೂಸೆಟ್ಸ್ ಸಭೆಯ 92 ಸದಸ್ಯರು ಒಪ್ಪಲಿಲ್ಲ. 17 ಮಂದಿ ಒಪ್ಪಿದರು. ಒಪ್ಪದವರ ಗೌರವಕ್ಕಾಗಿ 15 ಜನ ದೇಶಾಭಿಮಾನಿಗಳು ಈ ಬೋಗುಣಿಯನ್ನು ಮಾಡಿಸಿ ತಮ್ಮ ಹೆಸರುಗಳನ್ನು ಅಂಚಿನ ಸುತ್ತ ಕೆತ್ತಿಸಿದರು. ರಾಜನ ಕೋಪಕ್ಕೆ ಗುರಿಯಾದವರ ಪರವಾಗಿ ಹೆಸರು ಬರೆಯಿಸುವುದು ಸಾಮಾನ್ಯ ಧೈರ್ಯವಲ್ಲ. 1949ರಲ್ಲಿ ಬಾಸ್ಟನ್ನಿನ ವಸ್ತುಸಂಗ್ರಹಾಲಯವು ಅದನ್ನು ಕೊಂಡಾಗ ಶಾಲಾಮಕ್ಕಳೂ ಕಾಸು ಕೂಡಿಸಿದರು.

ಇನ್ನೊಂದು ಬಗೆಯ ಬರಹವೂ ಉಂಟು. ಲಿವರ್‌ಪೂಲಿನ ಕುಂಬಾರರು ಹಡಗಿನ ಚಿತ್ರ ಬರೆದು ಜಯ ಹಾರೈಸಿದ ಬೋಗುಣಿಗಳನ್ನು ಮಾಡುತ್ತಿದ್ದರು. ಅವುಗಳಲ್ಲೊಂದು ಆಫ್ರಿಕಾ ವ್ಯಾಪಾರಕ್ಕೆ ಜಯ ಕೋರುತ್ತದೆ. ಆ ವ್ಯಾಪಾರದ ಸರಕು ಮನುಷ್ಯರು. ಅಷ್ಟರಲ್ಲಿ ಪಂಚ್‌ನಲ್ಲಿ ಸಾರಾಯಿಯ ಸ್ಥಾನವನ್ನು ಬಹುಮಟ್ಟಿಗೆ ರಮ್ ಆಕ್ರಮಿಸಿತ್ತು. ರಮ್ಮೂ ಸಕ್ಕರೆಯೂ ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರ ಬೆವರಿನಿಂದ ಬರುತ್ತಿದ್ದವು. ಕುಡಿದವರು ಇದನ್ನು ಅರಿಯದವರೇನಲ್ಲ.

1791ರಲ್ಲಿ ಗುಲಾಮ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯು ಬ್ರಿಟಿಷ್ ಸಂಸತ್ತಿನಲ್ಲಿ ಬಿದ್ದುಹೋದಾಗ ಜನರು ಆ ಸಕ್ಕರೆಯನ್ನೇ ಬಿಡತೊಡಗಿದರು. ಬಿಟ್ಟವರು ಸುಮಾರು 3,00,000 ಮಂದಿಯೆಂದು ಥಾಮಸ್ ಕ್ಲಾರ್ಕ್‌ಸನ್ ಅಂದಾಜುಮಾಡಿದನು. 1820ರ ದಶಕದಲ್ಲಿ ಈ ಚಳವಳಿ ಮತ್ತೆ ಎದ್ದಿತು. ಆ ಕಾಲದ ನೀಲಿ ಗಾಜಿನ ಸಕ್ಕರೆ ಬಟ್ಟಲೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇದು ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ ಎಂದು ಅದರ ಮೇಲೆ ಹೊಂಬಣ್ಣದ ಅಕ್ಷರಗಳಿವೆ. ಬರೆಯಿಸಿದವರ ಅಂತಃಕರಣವನ್ನು ನಾವು ಶಂಕಿಸುವುದಿಲ್ಲ. ಆದರೆ ಆ ಈಸ್ಟ್ ಇಂಡಿಯಾದಲ್ಲಿ, ಎಂದರೆ ನಮ್ಮ ದೇಶದಲ್ಲಿ, ಗುಲಾಮಗಿರಿಗೆ ಕಂಪನಿ ಸರಕಾರದ ಕಾನೂನಿನ ಮನ್ನಣೆ ತಪ್ಪಿದುದು 1843ರಲ್ಲಿ.