ಪೂರ್ವಸಮುದ್ರದಾಚೆಯ ವಿಷ್ಣುಧಾಮಗಳು: ಇತಿಹಾಸ ಹಾಗೂ ಯಾತ್ರಾವಿಚಾರ

ದಹಿಸರ್, ಬೊರಿವಲಿ, ಮೀರಾ ರೋಡ್ ಪರಿಸರದ ನಮ್ಮ ಆಸ್ತಿಕ ಕುಟುಂಬಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಚರ್ಚೆ ಕೇಳಿಬರುತ್ತಿದೆ. ಉದ್ಯೋಗದಲ್ಲಿರುವ ಮಕ್ಕಳು ತಂದೆತಾಯಿಗಳನ್ನು ಒಂದು ವಾರದ ಮಟ್ಟಿಗೆ ಥಾಯ್ಲೆಂಡ್, ಕಾಂಬೋಡಿಯಾ ಅಥವಾ ಬಾಲಿ ದ್ವೀಪಕ್ಕೆ ಕರೆದೊಯ್ಯಲು ಬಯಸುತ್ತಾರೆ. ಹಿರಿಯರು "ಅಲ್ಲಿ ದೇವಸ್ಥಾನಗಳಿವೆಯೆ?" ಎಂದು ಕೇಳುತ್ತಾರೆ, ಕಿರಿಯರು "ದೇವಸ್ಥಾನವೂ ಇದೆ, ವಿಶ್ರಾಂತಿಯೂ ಇದೆ" ಎಂದು ಉತ್ತರಿಸುತ್ತಾರೆ. ಇಬ್ಬರ ಮಾತೂ ನಿಜವೇ. ಆದರೆ ಆ ದೇವಾಲಯಗಳನ್ನು ಕಟ್ಟಿದವರು ಯಾರು, ಅವುಗಳಿಗೂ ನಮಗೂ ಇರುವ ಸಂಬಂಧವೇನು, ಸಮುದ್ರವನ್ನು ದಾಟುವ ವಿಷಯದಲ್ಲಿ ಶಾಸ್ತ್ರದ ನಿಲುವೇನು ಎಂಬುದನ್ನು ತಿಳಿಯದೆ ಹೊರಟರೆ ಯಾತ್ರೆಯು ಕೇವಲ ಛಾಯಾಚಿತ್ರಗಳ ಸಂಗ್ರಹವಾಗಿ ಮುಗಿಯುತ್ತದೆ. ಆದ್ದರಿಂದ ಈ ವಿಷಯವನ್ನು ಇತಿಹಾಸದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತವಾಗಿದೆ.

ನೆರೆಯಲ್ಲಿಯೇ ಇದ್ದ ಮಹಾಬಂದರು

ಪೂರ್ವದೇಶಗಳ ಕಥೆಯನ್ನು ದಹಿಸರದಿಂದಲೇ ಆರಂಭಿಸಬಹುದು. ಇಲ್ಲಿಂದ ವಿರಾರ್ ಕಡೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಐದನೆಯ ನಿಲ್ದಾಣ ನಾಲಾಸೋಪಾರ. ಇದರ ಪಕ್ಕದ ಸೋಪಾರ ಗ್ರಾಮವೇ ಪುರಾಣೇತಿಹಾಸಗಳ ಶೂರ್ಪಾರಕ. ಮಹಾಭಾರತದ ವನಪರ್ವದಲ್ಲಿ ಪಾಂಡವರು ತೀರ್ಥಯಾತ್ರೆಯ ಕಾಲದಲ್ಲಿ ಇಲ್ಲಿಗೆ ಬಂದರೆಂಬ ಉಲ್ಲೇಖವಿದೆ. 1882ರಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜೀ ಅವರು ಇಲ್ಲಿನ ಸ್ತೂಪವನ್ನು ಅಗೆದು ಶೋಧಿಸಿದರು. ಅಶೋಕನ ಶಿಲಾಶಾಸನದ ತುಣುಕೂ ಇಲ್ಲಿ ದೊರೆಯಿತು. ದಹಿಸರ್ ನದಿ ಹುಟ್ಟುವ ಕಾಡಿನಲ್ಲಿರುವ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಸೋಪಾರ, ಕಲ್ಯಾಣ ಮುಂತಾದ ಊರುಗಳ ವರ್ತಕರು ಕೊಟ್ಟ ದಾನಗಳ ಉಲ್ಲೇಖವಿದೆ. ನಾವು ಇಂದು ವಾಸಿಸುವ ಈ ತೀರದಿಂದ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಹಡಗುಗಳು ದೂರದೇಶಗಳಿಗೆ ಸಾಗುತ್ತಿದ್ದವು ಎಂಬುದನ್ನು ನೆನಪಿನಲ್ಲಿಡಬೇಕು.

ಮಾಧ್ವರಿಗಂತೂ ಸಮುದ್ರವು ಅಪರಿಚಿತವಲ್ಲ. ದ್ವಾರಕೆಯಿಂದ ಹಡಗಿನಲ್ಲಿ ಗೋಪೀಚಂದನದ ಗಡ್ಡೆಯೊಳಗೆ ಬಂದ ಶ್ರೀಕೃಷ್ಣನನ್ನು ಶ್ರೀಮದಾಚಾರ್ಯರು ಮಲ್ಪೆಯ ಕಡಲತೀರದಲ್ಲಿ ಪಡೆದು ಉಡುಪಿಯಲ್ಲಿ ಪ್ರತಿಷ್ಠಾಪಿಸಿದರೆಂಬುದು ಪ್ರತಿಯೊಂದು ಮನೆಯಲ್ಲಿಯೂ ಮಕ್ಕಳಿಗೆ ಹೇಳುವ ವೃತ್ತಾಂತ. ನಮ್ಮ ಆರಾಧ್ಯಮೂರ್ತಿಯೇ ಜಲಮಾರ್ಗದಿಂದ ಬಂದವನು.

ಸಮುದ್ರಯಾನದ ಪ್ರಶ್ನೆ

ಹೀಗಿದ್ದರೂ ಸಮುದ್ರಯಾನಕ್ಕೆ ನಿಷೇಧವಿದೆ ಎಂಬ ಹಿರಿಯರ ಮಾತು ನಿರಾಧಾರವಲ್ಲ. ಬೌಧಾಯನ ಧರ್ಮಸೂತ್ರವು ಸಮುದ್ರಸಂಯಾನವನ್ನು ಪತನೀಯ ಕರ್ಮಗಳಲ್ಲಿ ಎಣಿಸಿದೆ. ಅದೇ ಗ್ರಂಥವು ಸಮುದ್ರಯಾನವು ಉತ್ತರದೇಶದವರ ಆಚಾರಗಳಲ್ಲಿ ಒಂದೆಂದೂ ಹೇಳಿದೆ. ಎಂದರೆ ಆ ಕಾಲದಲ್ಲಿಯೂ ಹೋಗುವವರು ಇದ್ದರು. ಮನುಸ್ಮೃತಿಯು ಸಮುದ್ರಯಾನ ಮಾಡಿದವನನ್ನು ಶ್ರಾದ್ಧಭೋಜನಕ್ಕೆ ಕರೆಯಬಾರದೆಂದು ವಿಧಿಸಿದೆ. ಮುಂದೆ ಕಲಿವರ್ಜ್ಯಗಳ ಪಟ್ಟಿಯಲ್ಲಿ ಈ ನಿಷೇಧ ಇನ್ನೂ ಕಠಿಣವಾಯಿತು. ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗುವಾಗ ಸ್ನಾನ, ಸಂಧ್ಯಾವಂದನೆ, ಆಹಾರಶುದ್ಧಿಗಳು ನಡೆಯಲಾರವು ಎಂಬ ಕಾಳಜಿ ಇದರ ಹಿಂದೆ ಇದ್ದಿರಬೇಕು.

ಈ ನಿಷೇಧದ ಬಿಸಿ ಮುಂಬೈಗೆ ತಟ್ಟಿದ್ದು ಬಹಳ ಹಿಂದಿನ ಮಾತಲ್ಲ. 1888ರಲ್ಲಿ ಮೋಹನದಾಸ ಗಾಂಧಿಯವರು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೊರಟಾಗ ಅವರ ಜಾತಿಯ ಪ್ರಮುಖರು ಈ ನಗರದಲ್ಲಿಯೇ ಸಭೆ ಸೇರಿ ಅವರನ್ನು ಬಹಿಷ್ಕರಿಸಿದರು; 1891ರಲ್ಲಿ ಮರಳಿದ ಮೇಲೆ ಅವರು ನಾಸಿಕದಲ್ಲಿ ಗೋದಾವರೀ ಸ್ನಾನ ಮಾಡಬೇಕಾಯಿತು. ಉಡುಪಿಯಲ್ಲಿಯೂ ಪುತ್ತಿಗೆ ಮಠಾಧೀಶರಾದ ಶ್ರೀ ಸುಗುಣೇಂದ್ರತೀರ್ಥ ಶ್ರೀಪಾದರ ವಿದೇಶಪ್ರವಾಸದ ಕಾರಣದಿಂದ 2008ರ ಪರ್ಯಾಯದ ಸಂದರ್ಭದಲ್ಲಿ ಈ ಪ್ರಶ್ನೆಯು ಬಹಿರಂಗ ಚರ್ಚೆಗೆ ಬಂದಿತು. 2024ರ ಜನವರಿ 18ರಂದು ಅವರ ನಾಲ್ಕನೆಯ ಪರ್ಯಾಯ ಆರಂಭವಾಯಿತು. ಆ ಚರ್ಚೆಯು ಯತಿಗಳು ಕೃಷ್ಣಮೂರ್ತಿಯನ್ನು ಸ್ಪರ್ಶಿಸಿ ಪೂಜಿಸುವ ಅಧಿಕಾರಕ್ಕೆ ಸಂಬಂಧಿಸಿದ್ದು. ಗೃಹಸ್ಥರ ಸ್ಥಿತಿ ಬೇರೆ. ಗೃಹಸ್ಥರು ತಮ್ಮ ಕುಲಗುರುಗಳನ್ನು ಕೇಳಿ, ಅವರು ವಿಧಿಸಿದ ಪಂಚಗವ್ಯಾದಿ ಶುದ್ಧಿಕ್ರಮಗಳನ್ನು ಮರಳಿದ ಮೇಲೆ ನಡೆಸುವುದು ಮನಸ್ಸಿನ ಶಾಂತಿಗೆ ಒಳ್ಳೆಯದು. ಮನೆಯ ಹಿರಿಯರೊಬ್ಬರ ಮನಸ್ಸು ಒಪ್ಪದಿದ್ದರೆ ಅವರನ್ನು ಬಲವಂತದಿಂದ ಹೊರಡಿಸುವುದು ಸರ್ವಥಾ ಕೂಡದು.

ಐಹೊಳೆಯ ಐನೂರ್ವರು

ನಿಷೇಧವಿದ್ದರೂ ಹೋದವರು ಹೋದರು. ಅವರಲ್ಲಿ ಕನ್ನಡನಾಡಿನ ಹೆಸರನ್ನು ಹೊತ್ತವರೂ ಇದ್ದರು. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಮೂಲವಾಗಿ ಹೇಳಿಕೊಳ್ಳುತ್ತಿದ್ದ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕಸಂಘವು ದಕ್ಷಿಣಭಾರತದ ಅತ್ಯಂತ ಪ್ರಬಲ ವಣಿಕ್ಸಂಘವಾಗಿತ್ತು. ಇವರು ಜಲಮಾರ್ಗ, ಸ್ಥಲಮಾರ್ಗಗಳೆರಡರಲ್ಲಿಯೂ ನಾನಾ ದೇಶಗಳನ್ನು ಸಂಚರಿಸುತ್ತಿದ್ದುದನ್ನು ಶಿಕಾರಿಪುರ ಪ್ರದೇಶದ ಹನ್ನೊಂದನೆಯ ಶತಮಾನದ ಶಾಸನವು ವರ್ಣಿಸುತ್ತದೆ. ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ದೊರೆತ, 1088ರ ತಮಿಳು ಶಾಸನವೊಂದು ಇದೇ ಐನೂರ್ವರ ಸಂಘಕ್ಕೆ ಸೇರಿದ್ದು. ಬರ್ಮಾದ ಪಗಾನ್ ನಗರದಲ್ಲಿ 'ನಾನಾದೇಶಿ' ವರ್ತಕರ ಹೆಸರಿನ ವಿಷ್ಣುದೇವಾಲಯವಿತ್ತು. ಕೇರಳದಿಂದ ಹೋದ ಭಕ್ತನೊಬ್ಬ ಅದಕ್ಕೆ ಮಂಟಪ, ಬಾಗಿಲು ಮತ್ತು ದೀಪವನ್ನು ಒದಗಿಸಿದುದನ್ನು ಹದಿಮೂರನೆಯ ಶತಮಾನದ ಶಾಸನ ದಾಖಲಿಸಿದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ಹೋದಲ್ಲೆಲ್ಲ ಮೊದಲು ದೇವರಿಗೊಂದು ನೆಲೆ ಮಾಡಿದರು. ಮುಂಬೈಗೆ ಬಂದ ನಮ್ಮ ತುಳು-ಕನ್ನಡಿಗರ ಕಥೆಯೂ ಇದಕ್ಕಿಂತ ಭಿನ್ನವಲ್ಲ.

ಅಂಗ್ಕೋರ್: ಕಲ್ಲಿನಲ್ಲಿ ಕಡೆದ ವಿಷ್ಣುಲೋಕ

ಕಾಂಬೋಡಿಯಾ ದೇಶದ ಪ್ರಾಚೀನ ನಾಮ ಕಂಬುಜ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಆಳಿದ ಯಶೋವರ್ಮನು ತನ್ನ ರಾಜಧಾನಿಯ ಸರೋವರದ ದಕ್ಷಿಣದಲ್ಲಿ ಆಶ್ರಮಗಳನ್ನು ಸ್ಥಾಪಿಸಿದನು. ಅವುಗಳಲ್ಲಿ ಒಂದು ವೈಷ್ಣವಾಶ್ರಮ. ಪಾಂಚರಾತ್ರವನ್ನು ಬಲ್ಲವರಿಗೆ ಅಲ್ಲಿ ಸಲ್ಲಬೇಕಾದ ಗೌರವವನ್ನು ಶಾಸನದಲ್ಲಿಯೇ ವಿಧಿಸಲಾಗಿದೆ. ನಮ್ಮ ಮಠವ್ಯವಸ್ಥೆಯನ್ನು ಹೋಲುವ ಏರ್ಪಾಡು ಇದು. ಹತ್ತನೆಯ ಶತಮಾನದಲ್ಲಿ ದಿವಾಕರಭಟ್ಟನೆಂಬ ಬ್ರಾಹ್ಮಣನು ಅಲ್ಲಿಯ ರಾಜಪುತ್ರಿ ಇಂದ್ರಲಕ್ಷ್ಮಿಯನ್ನು ವಿವಾಹವಾದನು. ಅವನ ಜನ್ಮಸ್ಥಳವನ್ನು ಶಾಸನವು ಕೃಷ್ಣನು ಆಡಿ ಬೆಳೆದ ಯಮುನಾತೀರವೆಂದು ಪರಿಚಯಿಸುತ್ತದೆ. ಅಲ್ಲಿಯ ಶಾಸನಗಳು ಬಳಸುವುದು ನಮ್ಮ ಪಂಚಾಂಗದ ಶಕವರ್ಷವನ್ನೇ. ಶಕ 605ರ, ಎಂದರೆ ಕ್ರಿ.ಶ. 683ರ ಒಂದು ಶಾಸನದಲ್ಲಿ ಸೊನ್ನೆಯನ್ನು ಚುಕ್ಕೆಯಾಗಿ ಬರೆದಿರುವುದು ಗಣಿತದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಎರಡನೆಯ ಸೂರ್ಯವರ್ಮನು ಅಂಗ್ಕೋರ್ ವಾಟ್ ದೇವಾಲಯವನ್ನು ಕಟ್ಟಿಸಿ ಶ್ರೀವಿಷ್ಣುವಿಗೆ ಸಮರ್ಪಿಸಿದನು. ಮರಣಾನಂತರ ಅವನಿಗೆ ಸಂದ ಹೆಸರು 'ಪರಮವಿಷ್ಣುಲೋಕ'. ಸುತ್ತಲಿನ ಕಂದಕದ ಅಗಲ ಸುಮಾರು 190 ಮೀಟರ್, ಸುತ್ತಳತೆ 5 ಕಿ.ಮೀ.ಗೂ ಹೆಚ್ಚು, ನಡುಗೋಪುರದ ಎತ್ತರ ನೆಲದಿಂದ ಸುಮಾರು 65 ಮೀಟರ್. ಒಳಗಿನ ಕಟ್ಟಡಕ್ಕೆ ಮುರಕಲ್ಲು, ಹೊರಮೈಗೆ ಮರಳುಗಲ್ಲು. ಉಡುಪಿ, ಕುಂದಾಪುರಗಳ ಮನೆಗಳಿಗೆ ಬಳಸುವ ಅದೇ ಜಾತಿಯ ಮುರಕಲ್ಲನ್ನು ಅಲ್ಲಿ ಕಂಡಾಗ ನಮ್ಮವರಿಗೆ ಊರಿನ ನೆನಪಾಗುವುದು ಸಹಜ. ಮರಳುಗಲ್ಲನ್ನು ಕುಲೇನ್ ಬೆಟ್ಟದ ಕಡೆಯಿಂದ ಕಾಲುವೆಗಳ ಮೂಲಕ ತಂದರು. ನಿಜವಾದ ಕಮಾನನ್ನು ಅಲ್ಲಿಯ ಶಿಲ್ಪಿಗಳು ಕಟ್ಟಲಿಲ್ಲ. ಕಲ್ಲುಗಳನ್ನು ಎರಡು ಕಡೆಯಿಂದ ಸ್ವಲ್ಪಸ್ವಲ್ಪವೇ ಮುಂದಕ್ಕೆ ಚಾಚಿ ಮೇಲೆ ಕೂಡಿಸಿದರು. ಆದ್ದರಿಂದಲೇ ಅಲ್ಲಿಯ ಮೊಗಸಾಲೆಗಳು ಇಕ್ಕಟ್ಟಾಗಿವೆ. ಕಂದಕದ ನೀರು ಮರಳುನೆಲದ ಅಂತರ್ಜಲವನ್ನು ಸಮಸ್ಥಿತಿಯಲ್ಲಿಟ್ಟು ಬುನಾದಿಯನ್ನು ಕಾಯುತ್ತದೆ. ಭಕ್ತಿಯ ಬೆನ್ನಿಗೆ ಲೆಕ್ಕಾಚಾರವೂ ನಿಂತುದರಿಂದಲೇ ಈ ಆಲಯ ಒಂಬೈನೂರು ವರ್ಷಗಳಷ್ಟು ಕಾಲ ಉಳಿಯಿತು.

ಪೂರ್ವದಿಕ್ಕಿನ ಮೊಗಸಾಲೆಯಲ್ಲಿರುವ ಸಮುದ್ರಮಥನದ ಉಬ್ಬುಶಿಲ್ಪವು ಸುಮಾರು 49 ಮೀಟರ್ ಉದ್ದವಿದೆ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು. ನಡುವೆ ಶ್ರೀಹರಿ, ಕೆಳಗೆ ಕೂರ್ಮರೂಪ. ದೇವತೆಗಳ ಸಾಲಿನ ತುದಿಯಲ್ಲಿ ವಾಸುಕಿಯ ಬಾಲವನ್ನು ಹಿಡಿದು ನಿಂತಿರುವ ಕಪಿರೂಪವನ್ನು ಹಲವರು ಹನುಮಂತನೆಂದು ಗುರುತಿಸುತ್ತಾರೆ. ಪಶ್ಚಿಮದ ಮೊಗಸಾಲೆಯಲ್ಲಿ ಒಂದು ಕಡೆ ಕುರುಕ್ಷೇತ್ರ, ಶರಶಯ್ಯೆಯ ಭೀಷ್ಮ; ಇನ್ನೊಂದು ಕಡೆ ಲಂಕಾಯುದ್ಧ. ಅಲ್ಲಿ ಶ್ರೀರಾಮನು ನಿಂತಿರುವುದು ಹನುಮಂತನ ಹೆಗಲಿನ ಮೇಲೆ. ಮುಖ್ಯಪ್ರಾಣನನ್ನು ನಿತ್ಯವೂ ನೆನೆಯುವ ಮಾಧ್ವರು ಈ ಶಿಲ್ಪದ ಮುಂದೆ ಒಂದು ಕ್ಷಣ ನಿಲ್ಲದೆ ಮುಂದಕ್ಕೆ ಹೋಗಲಾರರು.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ದೇವಾಲಯವು ಪಶ್ಚಿಮಾಭಿಮುಖವಾಗಿದೆ, ಶಿಲ್ಪಗಳ ಕಥಾಕ್ರಮವು ಅಪ್ರದಕ್ಷಿಣವಾಗಿ ಸಾಗುತ್ತದೆ. ಇದರಿಂದ ಈ ಆಲಯಕ್ಕೆ ರಾಜನ ಅಂತ್ಯಸಂಸ್ಕಾರದೊಡನೆ ಸಂಬಂಧವಿತ್ತೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಮುಂದೆ ಆಲಯವು ಬೌದ್ಧರ ಆರಾಧನೆಯ ಸ್ಥಳವಾಯಿತು. ಆದರೂ ಪಶ್ಚಿಮಗೋಪುರದಲ್ಲಿ ಅಷ್ಟಭುಜನಾದ ವಿಷ್ಣುವಿನ ದೊಡ್ಡ ಮೂರ್ತಿ ಇಂದಿಗೂ ಇದೆ. ಸ್ಥಳೀಯರು ಅದನ್ನು 'ತಾ ರೀಚ್' ಎಂದು ಕರೆದು ಹೂವು, ಊದುಬತ್ತಿಗಳಿಂದ ಪೂಜಿಸುತ್ತಾರೆ. ಹೆಸರು ಮರೆತರೂ ಕೈಮುಗಿಯುವುದನ್ನು ಆ ಜನ ಬಿಡಲಿಲ್ಲ.

ಆಂತರಿಕ ಯುದ್ಧದಿಂದ ಆ ದೇಶ ಕಂಗೆಟ್ಟಿದ್ದ ಕಾಲದಲ್ಲಿ, 1986ರಿಂದ 1993ರವರೆಗೆ, ಅಂಗ್ಕೋರ್ ವಾಟ್‌ನ ಸಂರಕ್ಷಣಾಕಾರ್ಯವನ್ನು ಕೈಗೊಂಡದ್ದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ. ಅದರ ಕಾರ್ಯವಿಧಾನದ ಬಗ್ಗೆ ತಜ್ಞರಲ್ಲಿ ಟೀಕೆ ಬಂದುದುಂಟು. ಆದರೆ ಸಂಕಟದ ಕಾಲದಲ್ಲಿ ನೆರವಿಗೆ ಹೋದದ್ದು ಸಣ್ಣ ಮಾತಲ್ಲ. 1992ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಯವದ್ವೀಪ ಮತ್ತು ಬಾಲಿ

ಜಾವಾ ದ್ವೀಪದ ಪಶ್ಚಿಮಭಾಗದಲ್ಲಿ ಐದನೆಯ ಶತಮಾನದಲ್ಲಿ ಆಳಿದ ಪೂರ್ಣವರ್ಮನ ಹೆಜ್ಜೆಗುರುತುಗಳನ್ನು ಅವನ ಶಾಸನವು ವಿಷ್ಣುವಿನ ಪಾದಗಳಿಗೆ ಹೋಲಿಸುತ್ತದೆ. ಅವನದೇ ತುಗು ಶಾಸನದಲ್ಲಿ 6122 ಧನುಸ್ಸು ಉದ್ದದ 'ಗೋಮತೀ' ಕಾಲುವೆಯನ್ನು 21 ದಿನಗಳಲ್ಲಿ ತೋಡಿಸಿ, ಬ್ರಾಹ್ಮಣರಿಗೆ ಸಾವಿರ ಗೋವುಗಳನ್ನು ದಾನಮಾಡಿದ ವಿವರವಿದೆ. ಫಾಲ್ಗುಣ, ಚೈತ್ರ ಮಾಸಗಳ ಹೆಸರುಗಳೂ ಅದರಲ್ಲಿವೆ.

ಮಧ್ಯಜಾವಾದ ಪ್ರಂಬಾನನ್ ಒಂಬತ್ತನೆಯ ಶತಮಾನದ ತ್ರಿಮೂರ್ತಿ ದೇವಾಲಯ. ನಡುವೆ 47 ಮೀಟರ್ ಎತ್ತರದ ಶಿವಾಲಯ, ಅದರ ಉತ್ತರಕ್ಕೆ ವಿಷ್ಣು, ದಕ್ಷಿಣಕ್ಕೆ ಬ್ರಹ್ಮ. ಇಲ್ಲಿಯ ರಾಮಾಯಣ ಶಿಲ್ಪಮಾಲೆಯು ಶೇಷಶಾಯಿಯಾದ ವಿಷ್ಣುವಿನಿಂದ ಆರಂಭವಾಗಿ ಪ್ರದಕ್ಷಿಣಕ್ರಮದಲ್ಲಿ ಸಾಗುತ್ತದೆ. ವಿಷ್ಣುವಿನ ಗುಡಿಯಲ್ಲಿ ಕೃಷ್ಣಲೀಲೆಗಳಿವೆ. 2006ರ ಭೂಕಂಪದಲ್ಲಿ ಹಾನಿಗೊಂಡು ಮತ್ತೆ ದುರಸ್ತಿಯಾದ ಆಲಯವಿದು.

ಬಾಲಿ ದ್ವೀಪದ ಸ್ಥಿತಿ ಬೇರೆ. ಅಲ್ಲಿ ದೇವಾಲಯಗಳು ಪಾಳುಬಿದ್ದಿಲ್ಲ. ಜನರಲ್ಲಿ ಬಹುಪಾಲು ಹಿಂದೂಗಳು. ಪೂಜೆಯ ಪವಿತ್ರಜಲವನ್ನು ಅವರು 'ತೀರ್ಥ' ಎಂದೇ ಕರೆಯುತ್ತಾರೆ. ಅವರ 'ನ್ಯೆಪಿ' ಎಂಬ ಮೌನದಿನವು ಶಕವರ್ಷದ ಮೊದಲ ದಿನ. ಕೆಲವು ವರ್ಷಗಳಲ್ಲಿ ಅದು ನಮ್ಮ ಯುಗಾದಿಯ ದಿನವೇ ಬರುತ್ತದೆ. 2026ರ ಪಂಚಾಂಗದಲ್ಲಿ ಎರಡೂ ಮಾರ್ಚ್ 19ರಂದು ಇವೆ. ಆ ದಿನ ವಿಮಾನನಿಲ್ದಾಣವೂ ಮುಚ್ಚಿರುವುದರಿಂದ ಪ್ರಯಾಣದ ದಿನಾಂಕವನ್ನು ನೋಡಿ ಗೊತ್ತುಮಾಡಬೇಕು.

ಯಾತ್ರೆಯ ಕ್ರಮ

ಒಂದೇ ವಾರದಲ್ಲಿ ಮೂರು ದೇಶಗಳನ್ನು ಸುತ್ತುವ ಆಸೆ ಬೇಡ. ಒಮ್ಮೆ ಅಂಗ್ಕೋರ್, ಇನ್ನೊಮ್ಮೆ ಪ್ರಂಬಾನನ್ ಮತ್ತು ಬಾಲಿ ಎಂದು ವಿಭಾಗಿಸುವುದು ಯೋಗ್ಯ. ಕಾಲನಿರ್ಣಯಕ್ಕೆ ನಮ್ಮ ಚಾತುರ್ಮಾಸ್ಯವೇ ಉತ್ತಮ ಸೂಚಕ. ಕಾರ್ತಿಕದಲ್ಲಿ ವ್ರತ ಮುಗಿಯುವ ವೇಳೆಗೆ ಕಾಂಬೋಡಿಯಾದಲ್ಲಿ ಮಳೆ ನಿಂತಿರುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಹಿತವಾದ ಹವೆ. ಜಾವಾ, ಬಾಲಿಗಳಲ್ಲಿ ಒಣಹವೆ ಏಪ್ರಿಲಿನಿಂದ ಅಕ್ಟೋಬರಿನವರೆಗೆ. ಆದ್ದರಿಂದ ಚಾತುರ್ಮಾಸ್ಯಕ್ಕೆ ಮುಂಚಿನ ಮೇ, ಜೂನ್ ತಿಂಗಳುಗಳು ಅಲ್ಲಿಗೆ ಅನುಕೂಲ. ಏಕಾದಶಿ ಮತ್ತು ದ್ವಾದಶಿ ಪಾರಣೆಯ ದಿನಗಳಂದು ವಿಮಾನ ಪ್ರಯಾಣ ಬೀಳದಂತೆ ಮೊದಲೇ ಪಂಚಾಂಗ ನೋಡಿಕೊಳ್ಳಬೇಕು.

ಅಂಗ್ಕೋರ್‌ಗೆ ಸಿಯೆಂ ರೀಪ್ ಪಟ್ಟಣದಲ್ಲಿ ಐದು ರಾತ್ರಿಗಳ ವಾಸ್ತವ್ಯ ಸಾಕು. 2023ರ ಅಕ್ಟೋಬರಿನಲ್ಲಿ ಆರಂಭವಾದ ಹೊಸ ವಿಮಾನನಿಲ್ದಾಣವು ಪಟ್ಟಣದಿಂದ ಸುಮಾರು 50 ಕಿ.ಮೀ. ದೂರದಲ್ಲಿದೆ. 2025ರಲ್ಲಿ ಥಾಯ್ಲೆಂಡ್ ಹಾಗೂ ಕಾಂಬೋಡಿಯಾಗಳ ನಡುವೆ ಗಡಿಘರ್ಷಣೆ ನಡೆದುದರಿಂದ ಬ್ಯಾಂಕಾಕಿನಿಂದ ರಸ್ತೆಮಾರ್ಗವನ್ನು ನೆಚ್ಚದೆ ವಿಮಾನದಲ್ಲಿಯೇ ಹೋಗುವುದು ಲೇಸು. ಹೊರಡುವ ಮುನ್ನ ವೀಸಾ ನಿಯಮ ಮತ್ತು ಸರ್ಕಾರದ ಸೂಚನೆಗಳನ್ನು ವಿಚಾರಿಸಬೇಕು. ಮೂರು ದಿನಗಳ ಪ್ರವೇಶಪತ್ರವನ್ನು ಹತ್ತು ದಿನಗಳ ಒಳಗೆ ಬೇಕಾದ ಮೂರು ದಿನ ಬಳಸಬಹುದಾದ್ದರಿಂದ ನಡುವೆ ಒಂದು ಪೂರ್ಣ ದಿನ ವಿಶ್ರಾಂತಿ ಸಿಗುತ್ತದೆ. ಬೆಳಗಿನ ಐದರಿಂದ ಹತ್ತರವರೆಗೆ ದೇವಾಲಯ, ಮಧ್ಯಾಹ್ನ ಕೊಠಡಿಯಲ್ಲಿ ವಿಶ್ರಾಂತಿ, ಸಂಜೆ ಕಂದಕದ ದಂಡೆಯಲ್ಲಿ ಕುಳಿತು ವಿಷ್ಣುಸಹಸ್ರನಾಮ ಪಾರಾಯಣ. ಹಿರಿಯರಿಗೆ ಇದಕ್ಕಿಂತ ಬೇರೆ ವಿಹಾರ ಬೇಕಿಲ್ಲ. ಮೇಲಿನ ಅಂತಸ್ತಿನ ಮೆಟ್ಟಿಲುಗಳು ಬಹಳ ಕಡಿದಾಗಿವೆ. ಮಂಡಿನೋವಿರುವವರು ಕೆಳಗಿನ ಶಿಲ್ಪಗಳಲ್ಲಿಯೇ ತೃಪ್ತಿ ಹೊಂದಬಹುದು. ಹೆಗಲು, ಮಂಡಿ ಮುಚ್ಚುವ ಉಡುಪು ಕಡ್ಡಾಯ. ನಮ್ಮ ಪಂಚೆ, ಸೀರೆಗಳಿಗೆ ಯಾವ ಅಡ್ಡಿಯೂ ಇಲ್ಲ.

ಆಹಾರದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಲ್ಲಿಯ ಅಡಿಗೆಯಲ್ಲಿ ತರಕಾರಿಯ ಪದಾರ್ಥಕ್ಕೂ ಮೀನಿನ ರಸವನ್ನು ಬೆರೆಸುವ ರೂಢಿಯಿದೆ. ಅಡಿಗೆಮನೆಯಿರುವ ವಸತಿಯನ್ನು ಹಿಡಿದು, ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ, ಸಣ್ಣ ಕುಕ್ಕರ್ ಒಯ್ದರೆ ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು ಅಲ್ಲಿಯೇ ಯಥೇಚ್ಛವಾಗಿ ದೊರೆಯುತ್ತವೆ.

ಶ್ರೀವಾದಿರಾಜ ಗುರುಸಾರ್ವಭೌಮರು ತೀರ್ಥಪ್ರಬಂಧದಲ್ಲಿ ಭರತಖಂಡದ ನಾಲ್ಕು ದಿಕ್ಕುಗಳ ಕ್ಷೇತ್ರಗಳನ್ನು ಕೊಂಡಾಡಿದ್ದಾರೆ. ಪೂರ್ವಸಮುದ್ರದಾಚೆಯ ಈ ಆಲಯಗಳು ಆ ಕ್ಷೇತ್ರಗಳ ಸಾಲಿಗೆ ಸೇರುವುದಿಲ್ಲ. ಅಲ್ಲಿ ಸಂಕಲ್ಪವಿಲ್ಲ, ಕ್ಷೇತ್ರಶ್ರಾದ್ಧವಿಲ್ಲ. ಕಾಶಿ, ಬದರಿಗಳಿಗೆ ಅವು ಬದಲಾಗಲಾರವು. ಆದರೆ ಪೂಜೆ ನಿಂತುಹೋದ ವಿಷ್ಣುಮಂದಿರವು ಒಂದು ಪಾಠವನ್ನು ಹೇಳುತ್ತದೆ. ಕಲ್ಲು ಒಂಬೈನೂರು ವರ್ಷ ನಿಲ್ಲಬಲ್ಲದು. ಆಚಾರ, ಪಾಠ, ಪೂಜೆಗಳನ್ನು ನಿಲ್ಲಿಸಿಕೊಳ್ಳಬೇಕಾದವರು ಮನುಷ್ಯರೇ. ವೈಷ್ಣವಾಶ್ರಮವನ್ನು ಕಟ್ಟಿದ ನಾಡಿನಲ್ಲಿ ಇಂದು ಪಾಂಚರಾತ್ರವನ್ನು ಹೇಳುವವರಿಲ್ಲ. ಊರಿನಿಂದ ದೂರ ಬಂದು ಮಠದ ಶಾಖೆಯನ್ನು ಕಟ್ಟಿಕೊಂಡಿರುವ ನಮಗೆ ಈ ಇತಿಹಾಸ ಬಹಳ ಹತ್ತಿರದ್ದು. ಅಂಗ್ಕೋರ್ ನೋಡಿ ಬಂದ ಕುಟುಂಬವು ಮರುದಿನ ಸಂಜೆ ಮಕ್ಕಳನ್ನು ಮಠದ ಬಾಲಪಾಠಕ್ಕೆ ಕಳುಹಿಸಿದರೆ ಆ ಯಾತ್ರೆ ಸಾರ್ಥಕವಾಯಿತೆಂದು ತಿಳಿಯಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥