ತೊಟ್ಟಿಯಲ್ಲಿ ತುಂಬಿಟ್ಟ ವಿದ್ಯುತ್ತು

ವಿದ್ಯುತ್ತನ್ನು ಉತ್ಪಾದಿಸುವುದಕ್ಕಿಂತ ಕೂಡಿಡುವುದು ಕಷ್ಟ. ರಾಗಿಯನ್ನು ಕಣಜದಲ್ಲಿ ತುಂಬಬಹುದು, ನೀರನ್ನು ಕೆರೆಯಲ್ಲಿ ನಿಲ್ಲಿಸಬಹುದು, ವಿದ್ಯುತ್ತು ಹಾಗಲ್ಲ. ಹುಟ್ಟಿದ ಗಳಿಗೆಯಲ್ಲೇ ಅದು ಖರ್ಚಾಗಬೇಕು, ಇಲ್ಲವೇ ಬೇರೊಂದು ರೂಪ ತಾಳಿ ಕಾಯಬೇಕು. ಹಾಗೆ ಕಾಯಿಸುವ ಉಪಾಯಗಳಲ್ಲೊಂದು ಹರಿವ ಬ್ಯಾಟರಿ.

ನಾವು ಬಲ್ಲ ಬ್ಯಾಟರಿಯಲ್ಲಿ ಶಕ್ತಿ ಒಳಗಿನ ಫಲಕಗಳಲ್ಲೇ ಅಡಗಿರುತ್ತದೆ. ಹರಿವ ಬ್ಯಾಟರಿಯಲ್ಲಿ ಅದು ಇರುವುದು ದ್ರವದಲ್ಲಿ. ಎರಡು ತೊಟ್ಟಿಗಳಲ್ಲಿ ಎರಡು ದ್ರಾವಣಗಳು. ನಡುವೆ ತೆಳುವಾದ ಪೊರೆಯುಳ್ಳ ಕೋಶ. ಪಂಪುಗಳು ದ್ರಾವಣಗಳನ್ನು ಪೊರೆಯ ಆಚೀಚೆ ಹರಿಸಿದಾಗ ವಿದ್ಯುತ್ತು ಹೊಮ್ಮುತ್ತದೆ. ಹೆಚ್ಚು ಹೊತ್ತು ವಿದ್ಯುತ್ತು ಬೇಕೆಂದರೆ ಯಂತ್ರ ಬದಲಿಸಬೇಕಿಲ್ಲ, ತೊಟ್ಟಿ ಹಿಗ್ಗಿಸಿ ದ್ರಾವಣ ಹೆಚ್ಚಿಸಿದರೆ ಸಾಕು.

1973ರ ತೈಲ ಬಿಕ್ಕಟ್ಟಿನ ನಂತರ ಈ ವಿಚಾರಕ್ಕೆ ಬಲ ಬಂತು. ಅಮೆರಿಕದ ನಾಸಾ ಸಂಸ್ಥೆಯ ಕ್ಲೀವ್‌ಲ್ಯಾಂಡ್ ಪ್ರಯೋಗಾಲಯದಲ್ಲಿ ಲಾರೆನ್ಸ್ ಥಾಲರ್ ಮತ್ತು ಸಂಗಡಿಗರು ಒಂದು ತೊಟ್ಟಿಯಲ್ಲಿ ಕಬ್ಬಿಣದ, ಇನ್ನೊಂದರಲ್ಲಿ ಕ್ರೋಮಿಯಂನ ದ್ರಾವಣವಿಟ್ಟು ಪ್ರಯೋಗ ನಡೆಸಿದರು. ವಿದ್ಯುತ್ತೇನೋ ಬಂತು. ಆದರೆ ಯಾವ ಪೊರೆಯೂ ಪೂರ್ಣ ಬಿಗಿಯಲ್ಲ. ಆಚೆಯ ಲೋಹ ಈಚೆ ನುಸುಳಿ, ಈಚೆಯದು ಆಚೆ ಸೇರಿ, ಬ್ಯಾಟರಿಯ ಕಸುವು ಕುಂದುತ್ತ ಹೋಯಿತು.

ಎರಡೂ ಕಡೆ ಒಂದೇ ಲೋಹವಿದ್ದರೆ? ಆಗ ನುಸುಳಿದರೂ ಕಲಬೆರಕೆಯ ಭಯವಿಲ್ಲ. ಆದರೆ ಅಂಥ ಲೋಹ ಹಲವು ಸ್ಥಿತಿಗಳಲ್ಲಿ ನಿಲ್ಲಬಲ್ಲದ್ದಾಗಿರಬೇಕು. ಅಂಥದೊಂದು ಲೋಹವನ್ನು ಮನುಷ್ಯ ಬಹಳ ಹಿಂದೆಯೇ ಕಂಡು, ಕೈಬಿಟ್ಟು, ಮತ್ತೆ ಹಿಡಿದಿದ್ದ.

1801ರಲ್ಲಿ ಮೆಕ್ಸಿಕೋದ ಗಣಿವಿದ್ಯಾಲಯದ ಪ್ರಾಧ್ಯಾಪಕ ಆಂದ್ರೆಸ್ ಮಾನ್ಯುಯೆಲ್ ದೆಲ್ ರಿಯೊ ಸೀಸದ ಅದಿರೊಂದರಲ್ಲಿ ಹೊಸ ಲೋಹವನ್ನು ಗುರುತಿಸಿದರು. ಅದರ ಲವಣಗಳು ಬಗೆಬಗೆಯ ಬಣ್ಣ ತೋರಿದ್ದರಿಂದ ‘ಸರ್ವವರ್ಣ’ ಎಂಬರ್ಥದ ‘ಪ್ಯಾನ್‌ಕ್ರೋಮಿಯಂ’ ಎಂಬ ಹೆಸರಿಟ್ಟರು. ಪ್ಯಾರಿಸ್ಸಿನ ರಸಾಯನಜ್ಞರೊಬ್ಬರು 1805ರಲ್ಲಿ ಇದು ಬರಿಯ ಕ್ರೋಮಿಯಂ ಎಂದು ತೀರ್ಪಿತ್ತಾಗ ದೆಲ್ ರಿಯೊ ಅದನ್ನೊಪ್ಪಿ ಸುಮ್ಮನಾದರು. 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರೋಮ್ ಅದೇ ಲೋಹವನ್ನು ಕಬ್ಬಿಣದಲ್ಲಿ ಕಂಡು, ವನಾದಿಸ್ ದೇವತೆಯ ಹೆಸರಿನಿಂದ ವನೇಡಿಯಂ ಎಂದು ಕರೆದರು. ದೆಲ್ ರಿಯೊ ಕಂಡದ್ದೂ ಇದನ್ನೇ ಎಂದು ಮರುವರ್ಷ ಖಚಿತವಾಯಿತು. ಹೆಸರು ಮಾತ್ರ ಮರಳಲಿಲ್ಲ.

ದೆಲ್ ರಿಯೊ ಮೆಚ್ಚಿದ ಆ ಬಣ್ಣಗಳಲ್ಲೇ ಬ್ಯಾಟರಿಯ ಗುಟ್ಟಿದೆ. ವನೇಡಿಯಂ ಎರಡು, ಮೂರು, ನಾಲ್ಕು ಅಥವಾ ಐದು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ನಿಲ್ಲಬಲ್ಲದು. ಆಗ ದ್ರಾವಣ ಕ್ರಮವಾಗಿ ನೇರಳೆ, ಹಸಿರು, ನೀಲಿ, ಹಳದಿ. ತುಂಬಿದ ಬ್ಯಾಟರಿಯ ಒಂದು ತೊಟ್ಟಿ ನೇರಳೆ, ಇನ್ನೊಂದು ಹಳದಿ. ಬರಿದಾದಾಗ ಒಂದು ಹಸಿರು, ಇನ್ನೊಂದು ನೀಲಿ.

ಈ ಯೋಚನೆ ಕೆಲವರಿಗೆ ಮೊದಲೇ ಹೊಳೆದಿತ್ತು. ಆದರೆ ಐದನೆಯ ಸ್ಥಿತಿಯ ವನೇಡಿಯಂ ಆಮ್ಲದಲ್ಲಿ ಸಾಕಷ್ಟು ಕರಗದೆಂಬುದು ತೊಡಕಾಗಿತ್ತು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮರಿಯಾ ಸ್ಕೈಲಾಸ್-ಕಜಾಕೋಸ್ ಮತ್ತು ಸಂಗಡಿಗರು 1980ರ ದಶಕದ ನಡುವೆ ಈ ಗಂಟನ್ನು ಬಿಡಿಸಿದರು. ಸುಲಭವಾಗಿ ಕರಗುವ ನಾಲ್ಕನೆಯ ಸ್ಥಿತಿಯ ಲವಣವನ್ನು ಮೊದಲು ಗಂಧಕಾಮ್ಲದಲ್ಲಿ ಕರಗಿಸಿ, ಆಮೇಲೆ ವಿದ್ಯುತ್ತಿನಿಂದ ಐದಕ್ಕೆ ಏರಿಸಿದರು. 1986ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು.

ಜಗತ್ತು ಮಾತ್ರ ಅವಸರ ಮಾಡಲಿಲ್ಲ. ತೈಲ ಅಗ್ಗವಾಗಿತ್ತು, ಬಿಸಿಲಿನ ವಿದ್ಯುತ್ತು ವಿರಳವಾಗಿತ್ತು. 2003ರಲ್ಲಿ ಆಸ್ಟ್ರೇಲಿಯದ ಕಿಂಗ್ ದ್ವೀಪದಲ್ಲಿ ಗಾಳಿ ವಿದ್ಯುತ್ತಿಗೆ ಜೋಡಿಸಿದ 200 ಕಿಲೊವ್ಯಾಟ್ ಬ್ಯಾಟರಿ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಪೇಟೆಂಟಿನ ಇಪ್ಪತ್ತು ವರ್ಷಗಳು 2006ಕ್ಕೆ ಮುಗಿದವು. ನಿಜವಾದ ಬೇಡಿಕೆ ಹುಟ್ಟಿದ್ದು ಆಮೇಲೆ! 2022ರಲ್ಲಿ ಚೀನಾದ ಡಾಲಿಯನ್ ನಗರದಲ್ಲಿ ವಿದ್ಯುತ್ ಜಾಲಕ್ಕೆ ಸೇರಿದ ಸ್ಥಾವರ 100 ಮೆಗಾವ್ಯಾಟ್ ವಿದ್ಯುತ್ತನ್ನು ನಾಲ್ಕು ಗಂಟೆ ಕಾಲ ನೀಡಬಲ್ಲದು.

ದೋಷಗಳಿಲ್ಲವೆಂದಲ್ಲ. ಈ ಬ್ಯಾಟರಿ ಭಾರ, ಜಾಗ ಬೇಡುತ್ತದೆ. ಕಾರಿಗಾಗಲಿ ಫೋನಿಗಾಗಲಿ ಒಗ್ಗದು. ಅಲ್ಲಿ ಲಿಥಿಯಂ ಗೆದ್ದಿತು. ವನೇಡಿಯಂಗೆ ಉಕ್ಕಿನ ಉದ್ಯಮವೇ ದೊಡ್ಡ ಗಿರಾಕಿಯಾದ್ದರಿಂದ ಅದರ ಬೆಲೆ ಏರಿಳಿಯುತ್ತದೆ. ಆದರೆ ನೀರೇ ಹೆಚ್ಚಿರುವ ದ್ರಾವಣಕ್ಕೆ ಬೆಂಕಿ ತಗಲುವ ಭಯವಿಲ್ಲ; ಸಾವಿರಾರು ಸಲ ತುಂಬಿ ಬರಿದು ಮಾಡಿದರೂ ಒಳಗಿನ ಲೋಹ ಸವೆಯುವುದಿಲ್ಲ.

ನಮ್ಮ ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2050 ಮೆಗಾವ್ಯಾಟ್. ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಸೂರ್ಯನೊಂದಿಗೆ ಅದೂ ಮಲಗುತ್ತದೆ. ಮಧ್ಯಾಹ್ನದ ಬಿಸಿಲನ್ನು ಸಂಜೆಗೆ ಉಳಿಸುವ ವಿದ್ಯೆ ಸಿಕ್ಕಿ ನಾಲ್ಕು ದಶಕಗಳಾದವು. ಇನ್ನು ಉಳಿದಿರುವುದು ಅದರ ಖರ್ಚಿನ ಲೆಕ್ಕ.